18446744073709551615

ಎರಡರ ಅರವತ್ತನಾಲ್ಕನೆಯ ಘಾತದಿಂದ ಒಂದನ್ನು ಕಳೆದರೆ ಬರುವ ಪೂರ್ಣಾಂಕ, ಅಂದರೆ 2⁶⁴ − 1. ಇಪ್ಪತ್ತು ಅಂಕಿಗಳ ಬೆಸಸಂಖ್ಯೆ. ನಮ್ಮ ರೂಢಿಯಂತೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಬಾಯಿಬಿಟ್ಟು ಓದುವುದಾದರೆ ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು.

ಹಳೆಯ ಸ್ಥಾನನಾಮಗಳಲ್ಲಿ ಇದನ್ನು ಹೇಳಲು ಹೊರಟರೆ ಭಾಸ್ಕರಾಚಾರ್ಯರ 'ಲೀಲಾವತಿ'ಯ ಪಟ್ಟಿ ಸಾಲದು. ಅದು ಹದಿನೆಂಟನೆಯ ಸ್ಥಾನವಾದ ಪರಾರ್ಧಕ್ಕೆ ಮುಗಿಯುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದ ನಡುವೆ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ, ಹತ್ತೊಂಬತ್ತನೆಯದು ಶಂಖ. ಹಾಗಾಗಿ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ ಎಂದು ಶುರುವಾಗುತ್ತದೆ.

ಗೊಮ್ಮಟಸಾರದ ಅಕ್ಷರಲೆಕ್ಕ

ಈ ಸಂಖ್ಯೆಯ ಕಥೆಯನ್ನು ಸಾಮಾನ್ಯವಾಗಿ ಚದುರಂಗದ ಮಣೆಯಿಂದ ಆರಂಭಿಸುತ್ತಾರೆ. ಕನ್ನಡದ ಓದುಗರಿಗೆ ಅದಕ್ಕಿಂತ ಹತ್ತಿರದ ಇನ್ನೊಂದು ಆರಂಭವಿದೆ. 10ನೆಯ ಶತಮಾನದ ಉತ್ತರಾರ್ಧದಲ್ಲಿ, ಗಂಗರ ಮಂತ್ರಿ ಹಾಗೂ ದಂಡನಾಯಕ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ರಚಿಸಿದ ಪ್ರಾಕೃತ ಗ್ರಂಥ 'ಗೊಮ್ಮಟಸಾರ'. ಶ್ರವಣಬೆಳಗೊಳದ ಬೃಹನ್ಮೂರ್ತಿಯನ್ನು ಕಡೆಸಿದ ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರೂ ಇತ್ತು, ಗ್ರಂಥದ ಹೆಸರು ಬಂದದ್ದು ಅದರಿಂದ. ಇದರ ಜೀವಕಾಂಡ ಭಾಗದಲ್ಲಿ ಶ್ರುತಜ್ಞಾನದ, ಅಂದರೆ ಶಾಸ್ತ್ರದಿಂದ ಬರುವ ಅರಿವಿನ, ವಿಚಾರ ಬರುತ್ತದೆ. ಒಂದನ್ನೊಂದು ಹೋಲದ ಅಕ್ಷರಗಳು ಒಟ್ಟು ಎಷ್ಟು ಸಾಧ್ಯ ಎಂಬುದು ಅಲ್ಲಿಯ ಪ್ರಶ್ನೆ.

ಮೂಲವರ್ಣಗಳು ಅರವತ್ತನಾಲ್ಕು: ವ್ಯಂಜನ 33, ಸ್ವರ 27 (ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ರೂಪಗಳು), ಯೋಗವಾಹ 4. ಇವುಗಳಲ್ಲಿ ಒಂದನ್ನೇ ತೆಗೆದುಕೊಂಡರೆ 64 ಅಕ್ಷರ. ಎರಡೆರಡನ್ನು ಕೂಡಿಸಿದರೆ 2,016, ಮೂರು ಮೂರನ್ನು ಕೂಡಿಸಿದರೆ 41,664, ನಾಲ್ಕು ನಾಲ್ಕನ್ನು ಕೂಡಿಸಿದರೆ 6,35,376. ಹೀಗೆ ಅರವತ್ತನಾಲ್ಕನ್ನೂ ಒಟ್ಟಿಗೆ ಕೂಡಿಸುವ ಒಂದೇ ಒಂದು ಸಂಯೋಗದವರೆಗೆ ಹೋಗಿ ಎಲ್ಲವನ್ನೂ ಸಂಕಲಿಸಬೇಕು. ನೇಮಿಚಂದ್ರರು ಈ ಉದ್ದದ ದಾರಿ ಹಿಡಿಯುವುದಿಲ್ಲ. ಅರವತ್ತನಾಲ್ಕನ್ನು ಒಂದೊಂದಾಗಿ ಬಿಡಿಸಿ ಹರಡಿ, ಪ್ರತಿಯೊಂದಕ್ಕೂ ಎರಡನ್ನು ಕೊಟ್ಟು, ಆ ಎರಡುಗಳನ್ನೆಲ್ಲ ಪರಸ್ಪರ ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ ಎನ್ನುತ್ತಾರೆ. ಹರಡುವುದಕ್ಕೆ ವಿರಲನ, ಕೊಡುವುದಕ್ಕೆ ದೇಯ ಎಂದು ಹೆಸರು. ಪ್ರತಿ ವರ್ಣಕ್ಕೂ ಇರುವುದು ಎರಡೇ ಸಾಧ್ಯತೆ, ಸಂಯೋಗದಲ್ಲಿ ಸೇರುವುದು ಅಥವಾ ಸೇರದಿರುವುದು. ಕಳೆದ ಒಂದು, ಯಾವ ವರ್ಣವೂ ಇಲ್ಲದ ಬರಿದಾದ ಆಯ್ಕೆ. ಇಂದಿನ ಪಿಯುಸಿ ವಿದ್ಯಾರ್ಥಿ ಶೂನ್ಯಗಣವನ್ನು ಬಿಟ್ಟು ಉಪಗಣಗಳನ್ನು ಎಣಿಸುವ ರೀತಿಯೂ ಇದೇ.

ಮುಂದಿನ ಗಾಹೆಯಲ್ಲಿ (ಪ್ರಾಕೃತ ಪದ್ಯದಲ್ಲಿ) ಉತ್ತರವಿದೆ. ಒಂದು, ಎಂಟು, ನಾಲ್ಕು, ನಾಲ್ಕು, ಆರು, ಏಳು ಎಂದು ಆರಂಭವಾಗಿ ಒಂದು, ಆರು, ಒಂದು, ಐದು ಎಂಬಲ್ಲಿಗೆ ಇಪ್ಪತ್ತೂ ಅಂಕಿಗಳು ಸಾಲಾಗಿ ಬರುತ್ತವೆ. ಸಂಖ್ಯೆಗಳನ್ನು ಪದ್ಯದಲ್ಲಿ ಹೇಳುವಾಗ ಬಿಡಿಸ್ಥಾನದಿಂದ ಎಡಕ್ಕೆ ಹೋಗುವ ಪದ್ಧತಿ ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಬಲವಾಗಿತ್ತು. ಇಲ್ಲಿ ಹಾಗಲ್ಲ, ಎಡದಿಂದ ಬಲಕ್ಕೆ, ನಾವು ಇಂದು ಬರೆಯುವ ಕ್ರಮದಲ್ಲೇ ಅಂಕಿಗಳಿವೆ.

ಲೆಕ್ಕ ಅಲ್ಲಿಗೂ ನಿಲ್ಲುವುದಿಲ್ಲ. ಮಧ್ಯಮ ಪದ ಎಂಬ ಅಳತೆಯೊಂದಿದೆ, ಅದರಲ್ಲಿ 1634 ಕೋಟಿ 83 ಲಕ್ಷ 7 ಸಾವಿರದ 888 ಅಕ್ಷರಗಳು. ಒಟ್ಟು ಅಕ್ಷರಗಳನ್ನು ಈ 16348307888ರಿಂದ ಭಾಗಿಸಿದರೆ ಭಾಗಲಬ್ಧ 1128358005, ಶೇಷ 80108175. ಭಾಗಲಬ್ಧವಾದ 112 ಕೋಟಿ 83 ಲಕ್ಷ 58 ಸಾವಿರದ 5 ಪದಗಳು ದ್ವಾದಶಾಂಗಗಳೆಂಬ ಹನ್ನೆರಡು ಆಗಮಗಳ ಪ್ರಮಾಣ ಎಂದು ಜೈನ ಸಂಪ್ರದಾಯ ಹೇಳುತ್ತದೆ. ಉಳಿದ 8 ಕೋಟಿ 1 ಲಕ್ಷ 8 ಸಾವಿರದ 175 ಅಕ್ಷರಗಳೂ ವ್ಯರ್ಥವಾಗುವುದಿಲ್ಲ. ಒಂದು ಪದ ತುಂಬಲು ಸಾಲದ ಆ ಶೇಷವೇ ಅಂಗಬಾಹ್ಯ ಶ್ರುತದ, ಅಂದರೆ ಆ ಹನ್ನೆರಡರ ಹೊರಗಿನ ಶಾಸ್ತ್ರದ, ಅಳತೆ. ಗುಣಿಸಿ ಕೂಡಿ ತಾಳೆ ನೋಡಿದರೆ ಕೊನೆಯ ಅಂಕಿಯವರೆಗೂ ಲೆಕ್ಕ ಸರಿಯಾಗಿದೆ. ಧರ್ಮಶಾಸ್ತ್ರದ ಅಭಿಪ್ರಾಯವನ್ನು ಒಪ್ಪುವುದು ಬಿಡುವುದು ಓದುಗರ ನಂಬಿಕೆಗೆ ಸೇರಿದ್ದು. ಸಾವಿರ ವರ್ಷಗಳ ಹಿಂದೆ ಇಪ್ಪತ್ತು ಅಂಕಿಯ ಭಾಜ್ಯವನ್ನು ಹನ್ನೊಂದು ಅಂಕಿಯ ಭಾಜಕದಿಂದ ತಪ್ಪಿಲ್ಲದೆ ಭಾಗಿಸಿ ಶೇಷಕ್ಕೂ ಅರ್ಥ ಕಂಡ ಶಿಸ್ತು ಮಾತ್ರ ಗಣಿತದ ಚರಿತ್ರೆಯಲ್ಲಿ ದೊಡ್ಡ ಜಾಗಕ್ಕೆ ಅರ್ಹ.

ಎರಡರ ಘಾತಗಳ ಈ ಚಿಂತನೆ ನೇಮಿಚಂದ್ರರಿಗಿಂತ ಹಳೆಯದು. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ 'ಧವಲಾ' ಟೀಕೆಯಲ್ಲಿ ಅರ್ಧಚ್ಛೇದ ಎಂಬ ಪರಿಕಲ್ಪನೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. ಈಗಿನವರು ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಎನ್ನುವುದು ಇದನ್ನೇ. 2⁶⁴ರ ಅರ್ಧಚ್ಛೇದ 64. ಆ ಅರವತ್ತನಾಲ್ಕರ ಅರ್ಧಚ್ಛೇದ 6, ಅದಕ್ಕೆ ವರ್ಗಶಲಾಕೆ ಎಂದು ಹೆಸರು. ಧವಲಾದ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದದ್ದರಿಂದಲೇ ಈ ಗಣಿತ ಇಂದು ನಮಗೆ ಸಿಕ್ಕಿದೆ.

ನೇಮಿಚಂದ್ರರ ಇನ್ನೊಂದು ಗ್ರಂಥ 'ತ್ರಿಲೋಕಸಾರ'ದಲ್ಲಿ ದ್ವಿರೂಪವರ್ಗಧಾರೆ ಬರುತ್ತದೆ. ಎರಡನ್ನು ವರ್ಗಿಸಿ 4, ಅದನ್ನು ವರ್ಗಿಸಿ 16, ಮತ್ತೆ 256, ಮತ್ತೆ 65536, ಮತ್ತೆ 4294967296, ಆರನೆಯ ಹೆಜ್ಜೆಗೆ 18446744073709551616. ಕೊನೆಯ ಮೂರಕ್ಕೆ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಅಡ್ಡಹೆಸರುಗಳೇ ಇದ್ದವು. ಅರವತ್ತೈದು, ನಲವತ್ತೆರಡು, ಒಂದು-ಎಂಟು ಎಂದು ಆಯಾ ಸಂಖ್ಯೆಯ ಮೊದಲ ಅಂಕಿಗಳಿಂದ ಹುಟ್ಟಿದ ಹೆಸರುಗಳು ಅವು. ದಿನಬಳಕೆಯ ಸಂಖ್ಯೆಗಳಿಗೆ ಮಾತ್ರ ಜನ ಇಂಥ ಅಡ್ಡಹೆಸರು ಇಡುತ್ತಾರೆ. ಆ ವಿದ್ವತ್ ವಲಯದಲ್ಲಿ ಈ ಸಂಖ್ಯೆಗಳು ಎಷ್ಟು ಬಳಕೆಯಲ್ಲಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಬರೆದ 'ಜೀವತತ್ತ್ವಪ್ರದೀಪಿಕೆ' ಕನ್ನಡದ್ದು. ಅದನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು, ಸಂಸ್ಕೃತ ಟೀಕೆಯ ಬಲದ ಮೇಲೆ 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಹಿಂದಿ ಭಾಷೆಯ ವ್ಯಾಖ್ಯಾನ ಬರೆದರು. ಈ ಸರಣಿಯ ಮೊದಲ ಕೊಂಡಿ ಕನ್ನಡ ವೃತ್ತಿ ಎಂಬುದನ್ನು ಪ್ರಮಾಣಸಹಿತ ತೋರಿಸಿದವರು ಬೆಳಗಾವಿ ಜಿಲ್ಲೆಯ ಸದಲಗದ ವಿದ್ವಾಂಸ ಆ.ನೇ. ಉಪಾಧ್ಯೆ.

ಚದುರಂಗದ ಮಣೆ, ಹನೋಯ್ ಗೋಪುರ

ಚದುರಂಗ ಕಂಡುಹಿಡಿದ ಜಾಣ ರಾಜನಿಂದ ಬೇಡಿದ ವರದ ಕಥೆ ಎಲ್ಲರಿಗೂ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತ ಅರವತ್ತನಾಲ್ಕನೆಯ ಮನೆಯವರೆಗೆ. ಒಟ್ಟು ಮೊತ್ತ 2⁶⁴ − 1. ಕಥೆಯಲ್ಲಿ ಜಾಣನ ಹೆಸರು ಸಿಸ್ಸಾ, ನಾಡು ಭಾರತ. ಆದರೆ ಅದನ್ನು ಬರಹದಲ್ಲಿ ಉಳಿಸಿ ಹಬ್ಬಿಸಿದವರು ಅರಬ್ಬೀ ಲೇಖಕರು.

ಈ ಮೊತ್ತವನ್ನು ಕರಾರುವಾಕ್ಕಾಗಿ ಲೆಕ್ಕಹಾಕಿ ಬರೆದಿಟ್ಟವರಲ್ಲಿ ಅಲ್‌ಬೀರೂನಿ ಪ್ರಮುಖ. ಸುಮಾರು 1000ದಲ್ಲಿ ಕ್ಯಾಸ್ಪಿಯನ್ ಸಮುದ್ರದ ಬಳಿಯ ಗುರ್ಗಾನಿನಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ ಅವನು ಕೊಟ್ಟ ಉಪಾಯ ವರ್ಗ ಮಾಡುತ್ತ ಹೋಗುವುದು. ಐದನೆಯ ಮನೆಯ 16ನ್ನು ವರ್ಗಿಸಿದರೆ ಒಂಬತ್ತನೆಯ ಮನೆಯ 256, ಅದರ ವರ್ಗ ಹದಿನೇಳನೆಯ ಮನೆಯ 65536, ಅದರ ವರ್ಗ ಮೂವತ್ತಮೂರನೆಯ ಮನೆಯದು, ಇನ್ನೊಂದು ವರ್ಗಕ್ಕೆ ಮಣೆಯಾಚೆ ಅರವತ್ತೈದನೆಯ ಮನೆ. ಅದರಲ್ಲಿ ಒಂದು ಕಳೆದರೆ ಇಡೀ ಮಣೆಯ ಮೊತ್ತ. ದ್ವಿರೂಪವರ್ಗಧಾರೆಯ ಮೆಟ್ಟಿಲುಗಳೂ ಇವೇ. ಚಾವುಂಡರಾಯನ ಗುರು ನೇಮಿಚಂದ್ರರೂ ಅಲ್‌ಬೀರೂನಿಯೂ ಹತ್ತಿರ ಹತ್ತಿರ ಒಂದೇ ಕಾಲದವರು. ಒಬ್ಬರು ಅಕ್ಷರ ಎಣಿಸಿ, ಇನ್ನೊಬ್ಬರು ಕಾಳು ಎಣಿಸಿ ಅದೇ ಇಪ್ಪತ್ತು ಅಂಕಿಗಳಿಗೆ ತಲುಪಿದರು. ಅರ್ಧಿಸಿ ವರ್ಗಿಸಿ ಎರಡರ ಘಾತ ಪಡೆಯುವ ಈ ಉಪಾಯದ ಹಳೆಯ ರೂಪ ಪಿಂಗಳನ ಛಂದಃಶಾಸ್ತ್ರದಲ್ಲೇ, ಲಘು-ಗುರುಗಳ ಪ್ರಸ್ತಾರ ಎಣಿಸುವಲ್ಲಿ ಸಿಗುತ್ತದೆ.

ಕಾಳಿನ ತೂಕ ನೋಡೋಣ. ಒಂದು ಅಕ್ಕಿಕಾಳು 25 ಮಿಲಿಗ್ರಾಂ ಎಂದಿಟ್ಟುಕೊಂಡರೆ ಅರ್ಧ ಮಣೆಯ, ಅಂದರೆ ಮೊದಲ 32 ಮನೆಗಳ, ಅಕ್ಕಿ ಸುಮಾರು 107 ಟನ್. ಕೆಲವು ಲಾರಿಗಳಲ್ಲಿ ಸಾಗಿಸಬಹುದಾದಷ್ಟು. ಇಡೀ ಮಣೆಯದು ಸುಮಾರು 46,000 ಕೋಟಿ ಟನ್. ಜಗತ್ತಿನ ಈಗಿನ ವಾರ್ಷಿಕ ಅಕ್ಕಿ ಉತ್ಪಾದನೆ 50 ಕೋಟಿ ಟನ್ನಿಗೆ ತುಸು ಹೆಚ್ಚು. ಸುಮಾರು ಒಂಬೈನೂರು ವರ್ಷ ಇಡೀ ಭೂಮಿ ಬೆಳೆದದ್ದನ್ನೆಲ್ಲ ಮಣೆಗೇ ಸುರಿಯಬೇಕು.

ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ 1883ರಲ್ಲಿ 'ಹನೋಯ್ ಗೋಪುರ' ಎಂಬ ಆಟಿಕೆಯನ್ನು ಮಾರುಕಟ್ಟೆಗೆ ತಂದ. ಮೂರು ಕಂಬ, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಪೇರಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ, ಇಡೀ ಗೋಪುರ ಇನ್ನೊಂದು ಕಂಬಕ್ಕೆ ಹೋಗಬೇಕು. ಕಾಶಿಯ ದೇಗುಲವೊಂದರಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳಿವೆ, ಅವುಗಳ ಸಾಗಣೆ ಮುಗಿದ ದಿನ ಲೋಕವೂ ಮುಗಿಯುತ್ತದೆ ಎಂಬ ಕಥೆ ಆಟಿಕೆಯ ಜೊತೆಗೇ ಕಟ್ಟಿದ್ದು, ಕಾಶಿಯಲ್ಲಿ ಅಂಥ ದೇಗುಲವಿಲ್ಲ. ಗಣಿತ ಮಾತ್ರ ನಿಜ: ಬೇಕಾಗುವ ಕನಿಷ್ಠ ನಡೆಗಳು 2⁶⁴ − 1. ತಳದ ಬಿಲ್ಲೆ ಒಂದೇ ಸಲ ಜರುಗುತ್ತದೆ, ಅದರ ಮೇಲಿನದು ಎರಡು ಸಲ, ಅದರ ಮೇಲಿನದು ನಾಲ್ಕು ಸಲ, ತುದಿಯ ಪುಟ್ಟ ಬಿಲ್ಲೆ 2⁶³ ಸಲ. ಚದುರಂಗದ ಮನೆಗಳ ಕಾಳುಗಳೇ ಇಲ್ಲಿ ಬಿಲ್ಲೆಗಳ ನಡೆಗಳಾಗಿವೆ. ಸೆಕೆಂಡಿಗೆ ಒಂದು ನಡೆಯಂತೆ ಆಡಿದರೆ ಸುಮಾರು 58,454 ಕೋಟಿ ವರ್ಷ ಬೇಕು. ವಿಶ್ವದ ಈವರೆಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ.

ಅಪವರ್ತನಗಳು

ಸಂಖ್ಯೆಯ ನಿಜವಾದ ಸೌಂದರ್ಯ ಇರುವುದು ಅದನ್ನು ಒಡೆದಾಗ. 64 ಎಂಬುದೇ ಎರಡರ ಆರನೆಯ ಘಾತವಾದ್ದರಿಂದ ವರ್ಗಗಳ ವ್ಯತ್ಯಾಸದ ಸೂತ್ರವನ್ನು ಮತ್ತೆ ಮತ್ತೆ ಬಳಸಬಹುದು. 2⁶⁴ − 1 = (2³² − 1)(2³² + 1). ಮೊದಲ ಆವರಣವನ್ನು ಹಾಗೆಯೇ ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದು

3 × 5 × 17 × 257 × 65537 × 4294967297.

ಈ ಆರೂ ಫರ್ಮಾ ಸಂಖ್ಯೆಗಳು. ಎರಡಕ್ಕೆ ಎರಡರ ಘಾತವನ್ನೇ ಘಾತವಾಗಿಟ್ಟು ಒಂದು ಕೂಡಿಸಿದರೆ ಬರುವಂಥವು. ಇಂಥವೆಲ್ಲ ಅವಿಭಾಜ್ಯಗಳೆಂದು ಪಿಯೆರ್ ದ ಫರ್ಮಾ 1640ರಲ್ಲಿ ನಂಬಿದ್ದ. ಮೊದಲ ಐದು ಅವಿಭಾಜ್ಯಗಳೇ. ಆರನೆಯದನ್ನು 1732ರಲ್ಲಿ ಆಯ್ಲರ್ ಒಡೆದ: 4294967297 = 641 × 6700417. ಇದಕ್ಕೆ ಅವಿಭಾಜ್ಯ ಭಾಜಕ ಇದ್ದರೆ ಅದು 64ರ ಯಾವುದೋ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕು. ಆ ಸಾಲಿನ ಅವಿಭಾಜ್ಯಗಳು 193, 257, 449, 577, 641. ಐದನೆಯದೇ ಉತ್ತರ.

641 ಭಾಗಿಸುತ್ತದೆ ಎಂಬುದನ್ನು ಭಾಗಾಕಾರವಿಲ್ಲದೆ ತೋರಿಸುವ ದಾರಿಯೊಂದಿದೆ. 641ನ್ನು ಎರಡು ಬಗೆಯಲ್ಲಿ ಬರೆಯಬಹುದು: 5 × 2⁷ + 1, ಮತ್ತು 5⁴ + 2⁴. ಮೊದಲನೆಯದರ ಪ್ರಕಾರ 641ರಿಂದ ಭಾಗಿಸುವಾಗ 5 × 2⁷ ಎಂಬುದು −1ಕ್ಕೆ ಸಮ. ಎರಡೂ ಕಡೆ ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯ ರೂಪ 5⁴ ಎಂಬುದು −2⁴ಕ್ಕೆ ಸಮ ಎನ್ನುತ್ತದೆ. ಅದನ್ನು ಇಲ್ಲಿ ಇಟ್ಟರೆ −2³² ಎಂಬುದು 1ಕ್ಕೆ ಸಮ, ಅಂದರೆ 2³² + 1 ಶೇಷವಿಲ್ಲದೆ ಭಾಗವಾಗುತ್ತದೆ. ಮೂರು ಸಾಲಿನ ಸಾಧನೆ. ಹೈಸ್ಕೂಲಿನಲ್ಲಿ ಘಾತಾಂಕ ಕಲಿತ ಯಾರಿಗಾದರೂ ಇದನ್ನು ಕರಿಹಲಗೆಯ ಮೇಲೆ ತೋರಿಸಬಹುದು, ತೋರಿಸಬೇಕು.

ಹಾಗಾಗಿ ನಮ್ಮ ಸಂಖ್ಯೆಯ ಪೂರ್ಣ ಅಪವರ್ತನ 3 × 5 × 17 × 257 × 641 × 65537 × 6700417. ಏಳೂ ಬೇರೆ ಬೇರೆ ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಒಟ್ಟು ಭಾಜಕಗಳು 128, ಅದೂ ಎರಡರ ಘಾತವೇ.

ಮೊದಲ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧ 4294967295, ಅಂದರೆ 2³² − 1. ಇದಕ್ಕೆ ಜ್ಯಾಮಿತಿಯಲ್ಲಿ ವಿಶೇಷ ಸ್ಥಾನವಿದೆ. 1796ರಲ್ಲಿ ಹದಿಹರೆಯದ ಗೌಸ್ 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ, ಕೈವಾರಗಳಿಂದಲೇ ರಚಿಸಬಹುದೆಂದು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಲೇಬೇಕು ಎಂಬ ಮರುಭಾಗವನ್ನು 1837ರಲ್ಲಿ ವಾಂಟ್ಸೆಲ್ ಪೂರೈಸಿದ. ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ ಆದ್ದರಿಂದ ಇಂಥ ಬೆಸ ಬಹುಭುಜಗಳು 31 ಮಾತ್ರ, ಅವುಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು. ಜರ್ಮನಿಯ ಯೊಹಾನ್ ಹರ್ಮೆಸ್ 65537 ಬಾಹುಗಳ ರಚನೆಗಾಗಿ ಹತ್ತು ವರ್ಷ ದುಡಿದ, ಅವನ ಹಸ್ತಪ್ರತಿ ಗಟಿಂಗನ್ ವಿಶ್ವವಿದ್ಯಾಲಯದಲ್ಲಿದೆ.

ನೆರೆಹೊರೆಯ ಸಂಖ್ಯೆಗಳಲ್ಲಿ ಎರಡು ಹೆಜ್ಜೆ ಮುಂದಿನ 18446744073709551617 ಮುಂದಿನ ಫರ್ಮಾ ಸಂಖ್ಯೆ. ಅದೂ ಅವಿಭಾಜ್ಯವಲ್ಲ, 274177 × 67280421310721. ಕ್ಲೌಸೆನ್ 1855ರಲ್ಲೂ, ಎಂಬತ್ತು ದಾಟಿದ ವಯಸ್ಸಿನಲ್ಲಿ ಲಾಂದ್ರಿ 1880ರಲ್ಲೂ ಇದನ್ನು ಕಂಡುಹಿಡಿದರು. 2⁶⁴ಕ್ಕಿಂತ ಕೆಳಗಿನ ಅತಿ ದೊಡ್ಡ ಅವಿಭಾಜ್ಯ ಅದಕ್ಕಿಂತ 59 ಕಡಿಮೆ: 18446744073709551557.

ಅಂಕಿಗಳ ಕುತೂಹಲವೂ ಒಂದಿದೆ. ನಮ್ಮ ಸಂಖ್ಯೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಇವೆ, 2 ಎಂಬ ಅಂಕಿ ಮಾತ್ರ ಇಲ್ಲ. 2⁶⁴ರಲ್ಲೂ ಹಾಗೆಯೇ. ಎರಡನ್ನೇ ಗುಣಿಸಿ ಗುಣಿಸಿ ಕಟ್ಟಿದ ಸಂಖ್ಯೆಯಲ್ಲಿ ಎರಡೇ ಕಾಣದಿರುವುದು ಚಂದದ ಆಕಸ್ಮಿಕ. ಇದು ನಾವು ಹತ್ತನ್ನು ಆಧಾರವಾಗಿಟ್ಟು ಬರೆಯುವುದರ ಫಲವೇ ಹೊರತು ಅಪವರ್ತನಗಳಂತೆ ಸಂಖ್ಯೆಯ ಒಳಗುಣವಲ್ಲ. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 87.

ಯಂತ್ರಗಳಲ್ಲಿ

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಸಾಲಾಗಿ ಅರವತ್ತನಾಲ್ಕು ಒಂದುಗಳು. ಆದ್ದರಿಂದ 64 ಬಿಟ್‌ನ ಕಂಪ್ಯೂಟರ್ ಚಿಹ್ನೆಯಿಲ್ಲದ ಪೂರ್ಣಾಂಕವಾಗಿ ಒಂದೇ ಕೋಶದಲ್ಲಿ ಇಡಬಲ್ಲ ಗರಿಷ್ಠ ಸಂಖ್ಯೆ ಇದೇ. ಇದಕ್ಕೆ ಒಂದು ಕೂಡಿಸಿದರೆ ಎಲ್ಲ ಬಿಟ್‌ಗಳೂ ಉರುಳಿ ಸೊನ್ನೆಯಾಗುತ್ತದೆ. ಅದೇ ಬಿಟ್‌ಗಳನ್ನು ಚಿಹ್ನೆಸಹಿತ ಓದಿದರೆ ಅರ್ಥ −1. ಧನ ಸಂಖ್ಯೆಗಳ ಮಿತಿ ಆಗ 9223372036854775807ಕ್ಕೆ ಇಳಿಯುತ್ತದೆ. 2014ರ ಡಿಸೆಂಬರಿನಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ 32 ಬಿಟ್‌ನ ಮಿತಿಯಾದ 2147483647ನ್ನು ಮೀರಿದಾಗ ಯೂಟ್ಯೂಬ್ ತನ್ನ ಎಣಿಕೆಯ ಮಿತಿಯನ್ನು ಆ ಹೊತ್ತಿಗೆ 9223372036854775807ಕ್ಕೆ ಏರಿಸಿತ್ತು. ಸಮಯವನ್ನು 32 ಬಿಟ್‌ನಲ್ಲಿ ಎಣಿಸುವ ಹಳೆಯ ವ್ಯವಸ್ಥೆಗಳಿಗೆ ಅದೇ ಮಿತಿ 2038ರ ಜನವರಿ 19ರಂದು ಎದುರಾಗಲಿದೆ. ಅಂತರಜಾಲದ ಹೊಸ ವಿಳಾಸ ಪದ್ಧತಿ ಐಪಿವಿ6ರಲ್ಲಿ ಒಂದು ಸಾಮಾನ್ಯ ಉಪಜಾಲಕ್ಕೇ 2⁶⁴ ವಿಳಾಸಗಳು ಮೀಸಲು. 2016ರಲ್ಲಿ ಬಂದ 'ನೋ ಮ್ಯಾನ್ಸ್ ಸ್ಕೈ' ಎಂಬ ವಿಡಿಯೊ ಆಟದ ಬ್ರಹ್ಮಾಂಡದಲ್ಲಿರುವ ಗ್ರಹಗಳೂ ಅಷ್ಟೇ.

ಆದರೂ ದಿನಬಳಕೆಯ ಅನೇಕ ತಂತ್ರಾಂಶಗಳು ಈ ಇಪ್ಪತ್ತು ಅಂಕಿಗಳನ್ನು ಹಿಡಿದಿಡಲಾರವು. ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡಿದರೆ ಹದಿನೈದು ಅಂಕಿಗಳ ಆಚೆಯವು ಸೊನ್ನೆಗಳಾಗಿ 18446744073709500000 ಉಳಿಯುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಾಗಿ ಕೊಟ್ಟರೆ 18446744073709552000 ಎಂದು ಮುದ್ರಿಸುತ್ತದೆ. ಅವು ಸಂಖ್ಯೆಯನ್ನು ತೇಲುವ ಬಿಂದುವಿನ (ಫ್ಲೋಟಿಂಗ್ ಪಾಯಿಂಟ್) ರೂಪದಲ್ಲಿ, 53 ಬಿಟ್‌ಗಳ ನಿಖರತೆಯಲ್ಲಿ ಇಡುವುದೇ ಕಾರಣ. ಪೈಥಾನ್ ಭಾಷೆಯ ಪೂರ್ಣಾಂಕಗಳಿಗೆ ಈ ಮಿತಿಯಿಲ್ಲ.

ಗಣಿತದ ಅಧ್ಯಾಪಕರಲ್ಲಿ ಒಂದು ಕೋರಿಕೆ. ಸಂಯೋಗ ಮತ್ತು ಘಾತಾಂಕಗಳ ಪಾಠ ಮಾಡುವಾಗ ಚದುರಂಗದ ಕಥೆಯ ಜೊತೆಗೆ ಜೀವಕಾಂಡದ ಅಕ್ಷರಲೆಕ್ಕವನ್ನೂ ತರಗತಿಗೆ ತನ್ನಿ, 16348307888ರಿಂದ ಭಾಗಿಸುವ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕಾಗದದ ಮೇಲೇ ಕೊಡಿ. ಶೇಷ 80108175 ಬಂದರೆ ಲೆಕ್ಕ ಸರಿ.